ಜೂನ್ ಒಂದಕ್ಕೆ ಹುಟ್ಟಿದವರು

ಒಂದನೇ ಇಯತ್ತೆಯಲ್ಲಿ ನಾವು ಮೂವತ್ತೊಂದು ಹುಡುಗರು. ಅದರಾಗ ಇಪ್ಪತ್ತಾರು ಮಂದಿ ಜೂನ್ ಒಂದಕ್ಕೇ ಹುಟ್ಟಿದವರು. ನಾನೂ ಅವರಲ್ಲೊಬ್ಬ. ಅಷ್ಟೂ ಹೆರಿಗೆ ನಿಜವಾಗಿ ಒಂದೇ ದಿನ ಆಗಿದ್ದರೆ ನಮ್ಮೂರ ಸೂಲಗಿತ್ತಿಗೆ ಸರ್ಕಾರ ಏನಾದರೂ ಪದವಿ ಕೊಡಬೇಕಿತ್ತು. ಆಗಿದ್ದು ಇಷ್ಟೇ: ಶಾಲಿಗೆ ಹೆಸರು ಹಚ್ಚಲಿಕ್ಕೆ ಅವ್ವ ನನ್ನ ಕೈ ಹಿಡಕೊಂಡು ಹೋದಳು, ಮಾಸ್ತರರು ತಾರೀಖು ಕೇಳಿದರು, ಅವ್ವ ಹೇಳಿದಳು, ಅವಳು ಹೇಳಿದ್ದನ್ನು ಬಿಟ್ಟು ಅವರು ಜೂನ್ ಒಂದು ಅಂತ ಬರೆದರು.

ಅವ್ವ ಹೇಳಿದ್ದೇನು? "ಕ್ರೋಧನ ಸಂವತ್ಸರ ಅದು. ಆ ವರ್ಷ ಶ್ರಾವಣ ಎರಡು ಬಂದಿದ್ವು. ಎರಡನೇ ಶ್ರಾವಣದಾಗ, ಪಂಚಮಿ ಆಗಿ ಮೂರನೇ ದಿನ, ದನ ಮನಿಗೆ ಬರೂ ಹೊತ್ತಿನಾಗ."

ಇದನ್ನು ಮೊನ್ನೆ ಕೂತು ಲೆಕ್ಕ ಹಾಕಿದೆ. ಕ್ರೋಧನ ಅಂದರೆ 1985-86. 1985ರಲ್ಲಿ ಅಧಿಕ ಶ್ರಾವಣ ಬಂದದ್ದು ಖರೇ. ಪಂಚಮಿ ಆಗಸ್ಟ್ ಇಪ್ಪತ್ತರ ಸುತ್ತ ಬಿದ್ದಿತ್ತು. ಅಂದರೆ ನಮ್ಮವ್ವ, ಒಂದು ಅಕ್ಷರ ಬಾರದಾಕೆ, ವರ್ಷ, ತಿಂಗಳು, ದಿನ, ಹೊತ್ತು ನಾಲ್ಕೂ ಬರೋಬರಿ ಕೊಟ್ಟಿದ್ದಳು. ಓದು ಬಂದ ಮಾಸ್ತರರಿಗೇ ಅದನ್ನು ಬರಕೊಳ್ಳಲಿಕ್ಕೆ ಬರಲಿಲ್ಲ. ಅವರ ಹಾಳೆಯಲ್ಲಿದ್ದ ಖಾನೆಗೆ ಅವ್ವನ ಉತ್ತರ ಹೊಂದಲಿಲ್ಲ, ಅಷ್ಟೇ. ನನ್ನ ಪಾಸ್‌ಪೋರ್ಟ್, ಆಧಾರ್, ಆಫೀಸಿನ ಕೇಕು ಎಲ್ಲವೂ ಇವತ್ತಿಗೂ ಆ ಸುಳ್ಳಿನ ಮ್ಯಾಲೇ ನಿಂತಾವ.

ಈ ಸಿಟ್ಟು ನನಗೆ ಎಷ್ಟೋ ವರ್ಷದಿಂದ ಇತ್ತು ಅಂತ ಹೇಳಿದರೆ ಅದೂ ಸುಳ್ಳಾಗುತ್ತದೆ. ಸಿಟ್ಟು ಬಂದದ್ದು 2019ರಲ್ಲಿ. ಬರಿಸಿದವರು ಒಬ್ಬ ಜಪಾನೀ ಮನುಷ್ಯ.

ನಾನು ಮಾಡೋದು ಸಾಫ್ಟ್‌ವೇರ್ ಕೆಲಸ. ಆ ವರ್ಷ ನಮ್ಮ ಟೀಮಿಗೆ ಬಂದಿದ್ದ ಕೆಲಸ ಒಂದು ಜಪಾನೀ ಕಂಪನಿಯದು. ಜಪಾನಿನಲ್ಲಿ ಸರ್ಕಾರಿ ಅರ್ಜಿ, ಲೈಸೆನ್ಸು, ವಿಮಾ ಪತ್ರ ಎಲ್ಲದರಲ್ಲೂ ಅವರ ರಾಜಶಕೆಯ ವರ್ಷ ನಡೆಯುತ್ತದೆ. 645ರಲ್ಲಿ ತೈಕಾ ಅಂತ ಮೊದಲ ಹೆಸರು ಇಟ್ಟರು, 701ರಿಂದ ಈಚೆಗೆ ಒಂದು ದಿನವೂ ಬಿಟ್ಟಿಲ್ಲ. ಹಳೇ ಚಕ್ರವರ್ತಿ ಇಳಿದು ಮಗ ಪಟ್ಟಕ್ಕೆ ಬಂದಾಗ, 2019ರ ಮೇ ಒಂದರಿಂದ 'ರೇವಾ' ಶಕೆ ಸುರುವಾಯಿತು. ಹೆಸರು ಹೊರಬಿದ್ದದ್ದು ಏಪ್ರಿಲ್ ಒಂದಕ್ಕೆ. ಅಂದರೆ ಜಗತ್ತಿನ ಪ್ರೋಗ್ರಾಮರುಗಳಿಗೆ ಸಿಕ್ಕದ್ದು ಒಂದು ತಿಂಗಳು. ಆ ಒಂದೇ ಹೊಸ ಚಿಹ್ನೆಗಾಗಿ ಯೂನಿಕೋಡಿನವರು ಒಂದು ಬೇರೆ ಆವೃತ್ತಿಯನ್ನೇ ಬಿಟ್ಟರು. ನಾವು ರಾತ್ರಿಯೆಲ್ಲ ಕೂತು ಟೆಸ್ಟ್ ಮಾಡಿದೆವು. ಆಗ ನನಗೆ ನಗು ಬಂದಿತ್ತು. ಈ ಕಾಲದಾಗೂ ರಾಜನ ಹೆಸರಿನ ವರ್ಷ ಯಾಕ ಬೇಕ್ರಿ ಇವರಿಗೆ?

ಆಗಸ್ಟಿನಲ್ಲಿ ನಗು ಹೋಯಿತು. ಪಂಚಮಿ ಉಂಡಿ ಇನ್ನೂ ಡಬ್ಬಿಯಲ್ಲಿದ್ದವು. ಹುಲಿಕೇರಿಯ ಇಂದಿರಮ್ಮನ ಕೆರೆ ತುಂಬಿತು, ಡೌಗಿ ಹಳ್ಳ ಅಳ್ನಾವರದ ಓಣಿಯೊಳಗೆ ಬಂತು, ಕೆರೆ ಒಡೀತೈತಿ ಅನ್ನೋ ಸುದ್ದಿ ಎಲ್ಲಾ ಕಡೆ ಹಬ್ಬಿತು. ನಾನು ಬೆಂಗಳೂರಿನಲ್ಲಿ ಲ್ಯಾಪ್‌ಟಾಪ್ ಮುಂದೆ. ಅವ್ವ ಫೋನ್ ಮಾಡಿ, "ಕಟ್ಟಿಮಟ ನೀರ ಬಂದಾವಪಾ, ನಾವು ಗುಡಿಯಾಗ ಅದೇವಿ" ಅಂದಳು. ಆಮೇಲೆ ಫೋನ್ ಹತ್ತಲಿಲ್ಲ.

ಮರುದಿನದ ಕಾಲ್‌ನಲ್ಲಿ ಆ ಜಪಾನಿಯವರು ನನ್ನ ಮುಖ ನೋಡಿ ಏನಾಯಿತು ಅಂತ ಕೇಳಿದರು. ಹೇಳಿದೆ. ಅವರು ಸೆಂಡಾಯ್ ಕಡೆಯವರು, 2011ರ ಸುನಾಮಿ ಕಂಡವರು. ಸಮಾಧಾನದ ಮಾತು ಆಡಿದ ಮ್ಯಾಲೆ ಒಂದು ಪ್ರಶ್ನೆ ಕೇಳಿದರು: ಇದಕ್ಕೆ ಮೊದಲು ನಿಮ್ಮೂರಿಗೆ ಇಷ್ಟು ನೀರು ಯಾವಾಗ ಬಂದಿತ್ತು?

ನನಗೆ ಗೊತ್ತಿರಲಿಲ್ಲ. ಅವ್ವನಿಗೆ ಫೋನ್ ಹತ್ತಿದ ಮ್ಯಾಲೆ ಕೇಳಿದೆ. "ನಿಮ್ಮಜ್ಜ ಇದ್ದಾಗ ಒಮ್ಮೆ ಬಂದಿತ್ತಂತ" ಅಂದಳು. ಯಾವ ವರ್ಷ? "ನಮ್ಮ ಕೆಂಪ ಆಕಳ ಮೊದಲ ಈದ ವರ್ಷ." ಎಲ್ಲಿಮಟ ಬಂದಿತ್ತು? "ಯಾರಿಗೆ ಗೊತ್ತಪಾ."

ಆ ಜಪಾನಿಯವರಿಗೆ ತಮ್ಮೂರಿನದು ಗೊತ್ತಿತ್ತು. ಜೋಗಾನ್ 11 ಅಂದರು.

ಜೋಗಾನ್ ಅಂದರೆ ಅವರ ಹೇಯಾನ್ ಕಾಲದ ಆರಂಭದ ಒಂದು ಶಕೆ, 859ರಿಂದ 877ರ ತನಕ ನಡೆದದ್ದು. ಸೇಯ್ವಾ ಅನ್ನೋ ಎಳೇ ಹುಡುಗ ಪಟ್ಟಕ್ಕೆ ಕೂತ ಮರುವರ್ಷ ಸುರುವಾದದ್ದು. ಅದರ 11ನೇ ವರ್ಷ, ಅಂದರೆ 869ರಲ್ಲಿ, ಈಶಾನ್ಯ ಜಪಾನಿನಲ್ಲಿ ದೊಡ್ಡ ಭೂಕಂಪವಾಗಿ ಸಮುದ್ರ ಊರೊಳಗೆ ನುಗ್ಗಿತು. ಸುಮಾರು ಸಾವಿರ ಮಂದಿ ಮುಳುಗಿ ಸತ್ತರು ಅಂತ 901ರಲ್ಲಿ ಮುಗಿದ ಅವರ ಆಸ್ಥಾನದ ಇತಿಹಾಸದಲ್ಲಿ ಬರೆದಿದೆ. ಯಾವ ಕೋಟೆ ಬಿತ್ತು, ನೀರು ಎಷ್ಟು ದೂರ ಹರಡಿತು ಎಲ್ಲಾ ಅದರಾಗ ಐತಿ. ಬರೆದಿತ್ತು ಅನ್ನೋ ಕಾರಣಕ್ಕೇ ಸಾವಿರದ ನೂರು ವರ್ಷದ ಮ್ಯಾಲೆ ಭೂವಿಜ್ಞಾನಿಗಳು ಸೆಂಡಾಯ್ ಬಯಲಿನ ಗದ್ದೆ ಅಗೆದು ನೋಡಿದರು. ಮಣ್ಣಿನ ನಡುವೆ ಸಮುದ್ರದ ಉಸುಕಿನ ಪದರು ಸಿಕ್ಕಿತು. ಇದು ಮತ್ತೆ ಬರಬಹುದು ಅಂದರು. 2009ರ ಒಂದು ಸರ್ಕಾರಿ ಸಭೆಯಲ್ಲಿ ಫುಕುಶಿಮಾ ಅಣುಸ್ಥಾವರದ ವಿಷಯ ಬಂದಾಗ ಒಬ್ಬ ವಿಜ್ಞಾನಿ ಇದೇ ಜೋಗಾನ್ ನೆನಪು ಮಾಡಿ ಎಚ್ಚರಿಸಿದ್ದರು. ಸ್ಥಾವರದವರು ಗೋಡೆ ಎತ್ತರಿಸಲಿಲ್ಲ. 2011ರ ಮಾರ್ಚ್ 11ಕ್ಕೆ ಏನಾಯಿತು ಅಂತ ನಿಮಗೆ ಗೊತ್ತೈತಿ.

ಹಂಗಾದ್ರ ಬರೆದು ಏನು ಬಂತು ಅಂತ ನೀವು ಕೇಳಬಹುದು. ಬರೆದದ್ದನ್ನು ಓದದವರ ತಪ್ಪು ಬರೆದವರದಲ್ಲ. ಮತ್ತ ಅವರಿಗೆ ಒಂದು ಸವಲತ್ತು ಐತಿ: ಯಾರು ಓದಲಿಲ್ಲ ಅಂತ ಬೆರಳು ಮಾಡಿ ತೋರಿಸಬಹುದು, ಕೋರ್ಟಿಗೆ ಎಳೆಯಬಹುದು. ನಾವು ಯಾರನ್ನ ಎಳೀಬೇಕು, ಕೆಂಪ ಆಕಳನ್ನ?

ಇಲ್ಲಿಗೆ ಬಂದಾಗ ಕೆಲವರಿಗೆ ಖುಷಿಯಾಗುತ್ತದೆ. ನಮ್ಮ ಬಿಇ ಬ್ಯಾಚಿನ ವಾಟ್ಸಾಪ್ ಗುಂಪಿನಲ್ಲಿ ಇದನ್ನೇ ಬರೆದಾಗ ಒಬ್ಬ ಉತ್ತರ ಕೊಟ್ಟ, ಜಪಾನಿನವರು ಕಾಡಿನಾಗ ಇದ್ದಾಗ ನಾವು ವಿಮಾನ ಹಾರಿಸ್ತಿದ್ದಿವಿ ಅಂತ. ಇನ್ನೊಬ್ಬ ಅದರ ಕೆಳಗೆ ಕೈ ಮುಗಿದ. ಈ ಗೆಳೆಯರಿಗೆ ನನ್ನದು ಒಂದೇ ಮಾತು. ವಿಮಾನ ಬಿಡ್ರಿ, ತುಪ್ಪದ ಬಗ್ಗೆ ಮಾತಾಡೋಣ.

ನಮ್ಮ ಜಿಲ್ಲೆಯ ನವಲಗುಂದ ತಾಲೂಕಿನ ಶಿರೂರಿನಲ್ಲಿ ಅಮೋಘವರ್ಷ ನೃಪತುಂಗನ ಕಾಲದ ಒಂದು ಶಾಸನ ಸಿಕ್ಕಿದೆ. ಅಣ್ಣಿಗೇರಿಯಲ್ಲಿದ್ದು ಬೆಳ್ವೊಲ ಮುನ್ನೂರು ಆಳುತ್ತಿದ್ದ ದೇವಣ್ಣಯ್ಯ ಅನ್ನೋ ಅಧಿಕಾರಿ ತುಪ್ಪದ ಮೇಲಿನ ತೆರಿಗೆಯನ್ನು ದಾನ ಬಿಟ್ಟ ಸುದ್ದಿ ಅದು. ತಾರೀಖು ಹೆಂಗ ಹಾಕ್ಯಾರ ನೋಡ್ರಿ. ಶಕ ವರ್ಷ 788. ವ್ಯಯ ಸಂವತ್ಸರ. ಅಮೋಘವರ್ಷನ ಆಳ್ವಿಕೆಯ 52ನೇ ವರ್ಷ. ಜ್ಯೇಷ್ಠ ಮಾಸದ ಅಮಾವಾಸ್ಯೆ. ಆದಿತ್ಯವಾರ. ಸೂರ್ಯಗ್ರಹಣ. ನಮ್ಮ ಕೆಲಸದಲ್ಲಿ ಇದಕ್ಕೆ ಚೆಕ್‌ಸಮ್ ಅಂತೇವೆ. ಒಂದೇ ವಿಷಯವನ್ನು ಬೇರೆ ಬೇರೆ ಲೆಕ್ಕದಲ್ಲಿ ಹೇಳಿದರೆ, ಒಂದು ತಪ್ಪಿದಾಗ ಇನ್ನೊಂದು ಹಿಡಿದು ಕೊಡುತ್ತದೆ. ಹತ್ತು ಸಾಲಿನ ಪ್ರೋಗ್ರಾಮ್ ಬರೆದು ತಾಳೆ ನೋಡಿದೆ. 866ರ ಜೂನ್ 16, ರವಿವಾರ. ಕಲ್ಲು ಕಡೆದವ ವಾರ ತಪ್ಪಿಲ್ಲ. ಸಂವತ್ಸರವೂ ಹಂಗೇ. ಅಲ್ಲಿಂದ ಹತ್ತೊಂಬತ್ತು ಸಲ ಅರವತ್ತು ವರ್ಷ ಎಣಿಸಿದರೆ 2006. ನಾನು ಬಿಇ ಮೂರನೇ ವರ್ಷದಲ್ಲಿದ್ದಾಗ ನಮ್ಮ ಮನೆಯ ಕ್ಯಾಲೆಂಡರಿನಲ್ಲಿ ಇದ್ದದ್ದು ಅದೇ ವ್ಯಯ ಸಂವತ್ಸರ.

ಅದೇ 866 ಜಪಾನಿನಲ್ಲಿ ಜೋಗಾನ್ 8. ಆ ವರ್ಷ ಕ್ಯೋಟೋದ ಅರಮನೆ ಆವರಣದ ಓತೆನ್‌ಮೊನ್ ಅನ್ನೋ ಬಾಗಿಲು ಸುಟ್ಟು ಹೋಯಿತು. ಬೆಂಕಿ ಹಚ್ಚಿದವರು ಯಾರು ಅಂತ ಜಗಳವಾಗಿ, ಒಬ್ಬ ದೊಡ್ಡ ಮಂತ್ರಿ ಗಡೀಪಾರಾದ, ಫುಜಿವಾರಾ ಮನೆತನದ ಹಿಡಿತ ಗಟ್ಟಿಯಾಯಿತು. ಅವರೂ ಕಾಡಿನಲ್ಲಿರಲಿಲ್ಲ, ನಾವೂ ಆಕಾಶದಲ್ಲಿರಲಿಲ್ಲ. ಅವರು ಕ್ಯೋಟೋದಲ್ಲಿ ಬಾಗಿಲಿಗೆ ಬೆಂಕಿ ಬಿದ್ದದ್ದು ಬರೀತಿದ್ದರು, ನಾವು ಶಿರೂರಿನಲ್ಲಿ ತುಪ್ಪದ ತೆರಿಗೆ ಬರೀತಿದ್ದೆವು. ಎರಡೂ ಕಡೆ ತಾರೀಖು ಪಕ್ಕಾ ಇತ್ತು.

'ಜೋಗಾನ್' ಅವರ ಸ್ವಂತದ ಹೆಸರೂ ಅಲ್ಲ. ಚೀನಾದ ಟಾಂಗ್ ದೊರೆ ತೈಜೊಂಗ್ 627ರಲ್ಲಿ ಸುರು ಮಾಡಿದ ಶಕೆಯ ಹೆಸರಿನ ಅವೇ ಎರಡು ಅಕ್ಷರ, ಉಚ್ಚಾರ ಮಾತ್ರ ಬೇರೆ. ನಮ್ಮ ಬಾದಾಮಿಯ ಎರಡನೇ ಪುಲಿಕೇಶಿಯ ಬಗ್ಗೆ ಬರೆದ ಹ್ಯುಯೆನ್‌ತ್ಸಾಂಗ್ ಇಲ್ಲಿ ಅಡ್ಡಾಡಿದ್ದು ಆ ಚೀನೀ ಶಕೆಯ ವರ್ಷಗಳಲ್ಲೇ. ನಾವು ಬಳಸೋ ಶಕ ವರ್ಷವಾದರೂ ಹೊರಗಿನಿಂದ ಬಂದ ಶಕರ ಹೆಸರಿನದು. ತಂದದ್ದು ಯಾರಿಂದ ಅನ್ನೋದು ದೊಡ್ಡ ಮಾತಲ್ಲ. ತಂದ ಮ್ಯಾಲೆ ಅದರಲ್ಲಿ ಏನು ಬರೆದಿಟ್ಟಿರಿ ಅನ್ನೋದು ಮಾತು.

ಈಗ ನಮ್ಮೂರಿನ ಕಲ್ಲಿಗೆ ಬರ್ತೇನೆ.

ನಮ್ಮ ಹಳ್ಳಿ ಅಳ್ನಾವರದಿಂದ ಮೂರು ಮೈಲಿ. ಹನಮಪ್ಪನ ಗುಡಿಯ ಬಾಜೂಕ ಒಂದು ಕಲ್ಲು ನಿಂತಿದೆ. ಮ್ಯಾಲೆ ಸೂರ್ಯ, ಚಂದ್ರ, ಆಕಳು, ಕರು. ಕೆಳಗೆ ಸಾಲು ಸಾಲು ಅಕ್ಷರ. ಸಣ್ಣವರಿದ್ದಾಗ ಅದರ ಮ್ಯಾಲೆ ಕೂತು ಶೇಂಗಾ ತಿಂದಿದ್ದೇವೆ. ಅದಕ್ಕೆ ಅರಿಷಿಣ ಹಚ್ಚಿದ್ದು ನೋಡಿದ್ದೇನೆ, ಸುಣ್ಣ ಬಡಿದದ್ದು ನೋಡಿದ್ದೇನೆ, ಆಮೇಲೆ ಆಯಿಲ್ ಪೇಂಟ್. ಗುಡಿ ಜೀರ್ಣೋದ್ಧಾರಕ್ಕೆ ಪಟ್ಟಿ ಕೂಡಿಸಿದಾಗ ನಾನೂ ಬೆಂಗಳೂರಿನಿಂದ ಐದು ಸಾವಿರ ಕಳಿಸಿದ್ದೆ. ಆ ರೊಕ್ಕದಲ್ಲೇ ಗ್ರಾನೈಟ್ ಬಂತು, ಸ್ಟೀಲ್ ಗ್ರಿಲ್ ಬಂತು. ಗ್ರಿಲ್ ನಿಲ್ಲಿಸಲಿಕ್ಕೆ ಒಂದು ಬೋಲ್ಟ್ ಬೇಕಾಗಿ, ಕಲ್ಲಿಗೇ ಡ್ರಿಲ್ ಹಾಕಿದರು.

ಮಳೆ ಇಳಿದ ಮ್ಯಾಲೆ ಊರಿಗೆ ಹೋದವನು ಧಾರವಾಡದಿಂದ ಶಾಸನ ಓದೋ ಒಬ್ಬ ಹಿರಿಯರನ್ನು ಕರಕೊಂಡು ಬಂದೆ. ಬಣ್ಣ ಕೆರೆದು ತೆಗೆಯೋ ಹಂಗಿಲ್ಲ ಅಂದರು, ಅಕ್ಷರವೂ ಹೋಗ್ತಾವಂತ. ಮೆತ್ತಗೆ ನೀರು ಸವರಿ, ಅಡ್ಡ ಬ್ಯಾಟರಿ ಹಿಡಿದು, ಮೊಣಕಾಲ ಮ್ಯಾಲೆ ಕೂತು ಎರಡು ತಾಸು ಓದಿದರು. ಚಾಲುಕ್ಯ ವಿಕ್ರಮ ವರ್ಷದ ಅಂತ ಐತಿ ತಮ್ಮಾ, ಅಂದರು. ಮುಂದ? ಮುಂದ ಬೋಲ್ಟ್.

ಆ ಬೋಲ್ಟಿನಿಂದ ಏನು ಹೋಯಿತು ಅಂತ ಹೇಳಬೇಕು. ಕಲ್ಯಾಣದ ಆರನೇ ವಿಕ್ರಮಾದಿತ್ಯ 1076ರಲ್ಲಿ ಪಟ್ಟಕ್ಕೆ ಬಂದವನು ಶಕ ವರ್ಷ ಸಾಕು ಅಂತ ತನ್ನ ಹೆಸರಿನದೇ ಹೊಸ ಶಕೆ ಸುರು ಮಾಡಿದ. ಜಪಾನಿನ ದೊರೆಗಳು ಮಾಡಿದ್ದನ್ನೇ ನಮ್ಮ ದೊರೆಯೂ ಮಾಡಿದ. ಐವತ್ತು ವರ್ಷ ಆಳಿದ, ಈ ಭಾಗದ ತುಂಬ ಕಲ್ಲುಗಳ ಮ್ಯಾಲೆ ಆ ವರ್ಷ ಕೂತಿತು. ಅವನು ಹೋದ ಮ್ಯಾಲೂ ಕೆಲವರು ಬಳಸಿದರು, ಕಲ್ಯಾಣದ ಬಲ ಮುರಿದ ಮ್ಯಾಲೆ ನಿಂತು ಹೋಯಿತು. ಶಕ ವರ್ಷ ಉಳಿಯಿತು. ಇಲ್ಲೇ ಅಳ್ನಾವರದ ಸೀಮೆಯಲ್ಲಿ ಆಳಿದ ಗೋವೆಯ ಕದಂಬರು ಎರಡನ್ನೂ ಬಿಟ್ಟು ಕಲಿಯುಗದ ವರ್ಷ ಬರೆಸುತ್ತಿದ್ದರು. ಒಂದೇ ಸೀಮೆಯಲ್ಲಿ ಮೂರು ಗಡಿಯಾರ. ಹಿಂಗಾಗಿ ನಮ್ಮ ಕಲ್ಲಿನ ಆ ಅಂಕಿ ಮುಖ್ಯ.

ಅಂಕಿ ಹೋದರೂ ಬೋಲ್ಟಿನ ಈ ಕಡೆ ಸಂವತ್ಸರದ ಬಾಲ ಉಳಿದಿತ್ತು: '...ಭಾನು'. ಅಂದರೆ ಚಿತ್ರಭಾನು ಇಲ್ಲಾ ಸ್ವಭಾನು, ಒಂದರ ಹಿಂದೆ ಒಂದು ಬರೋ ಸಂವತ್ಸರಗಳು. ವಿಕ್ರಮಾದಿತ್ಯನ ಆಳ್ವಿಕೆಯಲ್ಲೇ ಆದರೆ 1102 ಇಲ್ಲಾ 1103, ಅವನ ಶಕೆಯ 27 ಇಲ್ಲಾ 28. ಅವನ ನಂತರದ್ದಾದರೆ ಇನ್ನೂ ಅರವತ್ತು ವರ್ಷ ಈಚೆಗೆ. ವಾರ ಗೊತ್ತಾಗಿದ್ದರೆ ಗುದ್ದಾಟ ಮುಗೀತಿತ್ತು. ಅದೂ ಅದೇ ತೂತಿನಾಗ ಹೋಗೈತಿ. ಕೆಳಗಿನ ಸಾಲುಗಳಲ್ಲಿ ಕೆರೆಗೆ ಬಿಟ್ಟ ಗದ್ದೆಯ ಮಾತು ಬರ್ತೈತಿ ಅಂದರು ಹಿರಿಯರು. ಕೆರೆ! ಹೂಳು ತೆಗೀಲಿಕ್ಕೆ, ತೂಬು ನೋಡಲಿಕ್ಕೆ ಅಂತ ಗದ್ದೆ ಬಿಡೋದು ಆಗಿನ ಪದ್ಧತಿ. ಕೆರೆ ಒಡೀತೈತಿ ಅಂತ ಇಡೀ ಊರು ಗುಡಿಯಲ್ಲಿ ಕೂತು ನಡುಗಿತಲ್ಲ, ಅದೇ ಗುಡಿಯ ಬಗಲಿಗೆ ಆಯಿಲ್ ಪೇಂಟಿನ ಕೆಳಗೆ ಈ ಮಾತಿತ್ತು. ಬೋಲ್ಟಿಗೆ ನನ್ನದೂ ಐದು ಸಾವಿರ.

ಕಮಿಟಿಯ ಕಾಕಾ ಒಬ್ಬರಿಗೆ ಹೇಳಿದೆ. "ಏ ಹೋಗಪಾ, ಹಳೀ ಕಲ್ಲ ಅದು. ಹೊಸಾ ಬೋರ್ಡ್ ಹಾಕಸೇವಲ್ಲ" ಅಂದರು. ಹೊಸಾ ಬೋರ್ಡ್ ನೋಡಿದೆ. ಗ್ರಾನೈಟಿನ ಮ್ಯಾಲೆ ಬಂಗಾರದ ಅಕ್ಷರ, ದಾನ ಕೊಟ್ಟ ನಲವತ್ತೆಂಟು ಮಂದಿಯ ಹೆಸರು, ಎದುರಿಗೆ ಮೊತ್ತ. ನನ್ನದೂ ಐತಿ. ತಾರೀಖು ಇಲ್ಲ.

ಈಗ ಯಾರಾದರೂ ಎದ್ದು, ಹಂಗಾದ್ರ ನಾವೂ ಶಕ ವರ್ಷ ಜಾರಿಗೆ ತರೋಣ ಅನ್ನುತ್ತಾರೆ. ತಂದಾಗಿದೆ ಸ್ವಾಮಿ. 1957ರ ಮಾರ್ಚ್ 22ರಿಂದ ಶಕ ವರ್ಷ ನಮ್ಮ ರಾಷ್ಟ್ರೀಯ ಪಂಚಾಂಗ. ಆ ತಾರೀಖು ಹಾಕಿದ ಚೆಕ್ಕು ಕೂಡ ಬ್ಯಾಂಕಿನಲ್ಲಿ ನಡೀಬೇಕು ಅಂತ ರಿಸರ್ವ್ ಬ್ಯಾಂಕ್ ಹೇಳಿದೆ. ಎಷ್ಟು ಮಂದಿ ಹಾಕಿದ್ದೀರಿ? ನಮ್ಮಲ್ಲಿ ಶಕೆ ಉಳಿದಿರೋದು ಲಗ್ನಪತ್ರಿಕೆಯಲ್ಲಿ. ಶಾಲಿವಾಹನ ಶಕೆ 1941, ವಿಕಾರಿ ನಾಮ ಸಂವತ್ಸರ ಅಂತ ಪ್ರಿಂಟ್ ಹಾಕಿಸುತ್ತೇವೆ, ಊಟದ ಹೊತ್ತು ಮಾತ್ರ ಓದುತ್ತೇವೆ. ಸಾಫ್ಟ್‌ವೇರಿನಲ್ಲೂ ಇದೇ ಕತೆ. ಜಾವಾ ಎಂಟನೇ ಆವೃತ್ತಿಯಲ್ಲಿ ಜಪಾನಿ ಪಂಚಾಂಗ ಐತಿ, ಥಾಯ್ ಬೌದ್ಧ ಪಂಚಾಂಗ ಐತಿ, ತೈವಾನಿನದು ಐತಿ, ಹಿಜ್ರಿ ಐತಿ. ಶಕ ಇಲ್ಲ. ಪ್ರಪಂಚದ ಅರ್ಧ ಕೋಡು ನಾವೇ ಬರೀತೀವಿ ಅಂತ ಎದೆ ತಟ್ಟಿಕೊಳ್ಳೋ ನಮಗೆ ಅದು ಬೇಕು ಅಂತ ಅನಿಸಲೇ ಇಲ್ಲ. ಅನಿಸದವರಲ್ಲಿ ನಾನೂ ಒಬ್ಬ.

ಆದರೆ ನನ್ನ ಜಗಳ ಯಾವ ವರ್ಷ ಬಳಸಬೇಕು ಅನ್ನೋದರದ್ದಲ್ಲ. ರಾಜನ ಹೆಸರಿನ ವರ್ಷ ನನಗೆ ಬೇಡ. ಜಪಾನಿನಲ್ಲೇ ಅದು ಬೇಡ ಅನ್ನೋರು ಇದ್ದಾರೆ, ಅವರ ಮಾತಿನಲ್ಲೂ ಹುರುಳಿದೆ. ಹಳೇ ಕಲ್ಲುಗಳ ಬಗ್ಗೆಯೂ ನನಗೆ ಭ್ರಮೆ ಇಲ್ಲ. ತುಪ್ಪದ ತೆರಿಗೆಗೆ ಗ್ರಹಣ ಸಹಿತ ತಾರೀಖು ಹಾಕಿದ ಅದೇ ಕಾಲದಲ್ಲಿ, ಆ ತುಪ್ಪ ಕಾಸಿದ ಹೆಣ್ಣುಮಗಳು ಎಂದು ಹುಟ್ಟಿದಳು, ಎಂದು ಸತ್ತಳು ಅಂತ ಯಾರೂ ಬರೆಯಲಿಲ್ಲ. ದಾನ ಬಿಟ್ಟವನಿಗೆ ಕಲ್ಲು, ದುಡಿದವರಿಗೆ ಏನೂ ಇಲ್ಲ. ಸಾವಿರ ವರ್ಷದ ಮ್ಯಾಲೆ ನಮ್ಮವ್ವನಿಗೂ ಅದೇ ಆಯಿತು. ಅವಳು ಪಕ್ಕಾ ತಾರೀಖು ಹೇಳಿದರೂ ಬರಕೊಳ್ಳೋ ಕೈ ಬರಕೊಳ್ಳಲಿಲ್ಲ. ಗುಡಿ ಬೋರ್ಡು, ಕಮಿಟಿ, ವಾಟ್ಸಾಪ್ ಗುಂಪು ಎಲ್ಲಾ ಅದೇ ಕೈ. ಹೆಮ್ಮೆ ಪಡಲಿಕ್ಕೆ ಸಾವಿರ ವರ್ಷ ಬೇಕು, ಬರೆದಿಡಲಿಕ್ಕೆ ಒಂದು ದಿನವೂ ಬೇಡ.

ನಾನು ಕೇಳೋದು ಸಣ್ಣ ಸಣ್ಣ ಕೆಲಸ. ಗುಡಿಯ ಕಲ್ಲಿಗೆ ಪೇಂಟು, ಸುಣ್ಣ, ಡ್ರಿಲ್ಲು ಮುಟ್ಟಿಸಬ್ಯಾಡ್ರಿ. ಮೊಬೈಲಿನಲ್ಲಿ ಓರೆ ಬೆಳಕಿನಲ್ಲಿ ಫೋಟೋ ತೆಗೆದು ಧಾರವಾಡದ ಕನ್ನಡ ಸಂಶೋಧನ ಸಂಸ್ಥೆಯಂಥಲ್ಲಿಗೆ ಮುಟ್ಟಿಸ್ರಿ. 1939ರಿಂದ ಅವರು ಇಂಥ ಕೆಲಸಕ್ಕೇ ಇದ್ದಾರೆ. ಹಳ್ಳದ ಬ್ರಿಜ್ಜು, ಶಾಲೆ ಗ್ವಾಡಿ, ಪಂಚಾಯ್ತಿ ಕಟ್ಟಿ, ಎಲ್ಲೆಲ್ಲಿ ನೀರು ಮುಟ್ಟಿತೋ ಅಲ್ಲಿ ಗೆರೆ ಹೊಡೆದು ತಾರೀಖು ಬರೀರಿ. ಎಪ್ಪತ್ತು ದಾಟಿದವರನ್ನು ಕೂಡಿಸಿ, ಹಿಂದೆ ಯಾವಾಗ ಬಂದಿತ್ತು ಅಂತ ಕೇಳಿ ಬರಕೊಳ್ಳಿರಿ. ಆಕಳ ಈದ ವರ್ಷ ಅಂದರೆ ನಗಬ್ಯಾಡ್ರಿ. ಅದೂ ಒಂದು ಶಕೆ. ಬಾಜೂಕ ಇನ್ನೊಂದು ನೆನಪು ಇಟ್ಟು ತಾಳೆ ನೋಡಿದರೆ ವರ್ಷ ಸಿಗುತ್ತದೆ, ನನ್ನ ಹುಟ್ಟಿದ ದಿನ ಸಿಕ್ಕಂಗ.

ಹೋದ ವಾರ ನಮ್ಮ ಮನೆಯ ಕಟ್ಟೆಯ ಮ್ಯಾಲಿನ ಗ್ವಾಡಿಗೆ, ಕೆಸರಿನ ಕಲೆ ಎಲ್ಲಿಮಟ ಇತ್ತೋ ಅಲ್ಲಿ, ಉಳಿ ತಗೊಂಡು ಒಂದು ಗೆರೆ ಕಡೆದೆ. ಆಗಸ್ಟ್ 2019 ಅಂತ ಬರೆದೆ. ಅವ್ವ ಹಿಂದೆ ನಿಂತು ನೋಡುತ್ತಿದ್ದಳು. "ಅಷ್ಟ ಬರದ್ರ ಹೆಂಗ? ವಿಕಾರಿ ಸಂವತ್ಸರ, ಶ್ರಾವಣ, ಪಂಚಮಿ ವಾರ ಅಂತನೂ ಹಾಕು. ಒಂದ ಅಳಿಸಿದ್ರ ಒಂದ ಇರ್ತೈತಿ" ಅಂದಳು.

ಹಾಕಿದೆ.